ಎಕಂಬಾದ ಆಕಾಶದಲ್ಲೊಂದು ಮುಚ್ಚಳ

ಬೆಂಗಳೂರು
18 ಸೆಪ್ಟೆಂಬರ್ 1961

ಶೇವಂತಾಬಾಯಿಯವರಿಗೆ ಶರಣು ಶರಣಾರ್ಥಿಗಳು.

ದುರ್ಬೀನಿನ ಪೆಟ್ಟಿಗೆಯನ್ನು ಇವತ್ತು ರೈಲಿಗೆ ಹಾಕಿದ್ದೇನೆ. ಬೀದರ ಸ್ಟೇಷನ್ನಿನಲ್ಲಿ ಬಿಡಿಸಿಕೊಳ್ಳಿ. ಔರಾದ ಬಸ್ಸಿನ ಕಂಡಕ್ಟರ್ ಅದನ್ನು ಟಾಪಿನ ಮೇಲೆ ಎಸೆಯಲು ಬಂದರೆ ಕೊಡಬೇಡಿ, ಬೇಕಾದರೆ ಅದಕ್ಕೂ ಒಂದು ಟಿಕೀಟು ತೆಗೆಸಿ.

ನಾನು ಹಾವಗೆಪ್ಪ, ಭಾಲ್ಕಿ ತಾಲೂಕಿನ ಹಲಬರ್ಗಾದವನು. ಹೈದರಾಬಾದಿನ ಒಂದು ಕಚೇರಿಯಲ್ಲಿ ಲೆಕ್ಕಿಗನಾಗಿದ್ದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕುರ್ಚಿ, ಮೇಜು ಹಂಚುವಾಗ ನನ್ನನ್ನೂ ಹಂಚಿ ಇಲ್ಲಿನ ಆಕಾಶ ವೀಕ್ಷಣೆಯ ಕಚೇರಿಗೆ ಕಳಿಸಿದರು. ಇಲ್ಲಿಯವರು ನನ್ನ ಕನ್ನಡ ಕೇಳಿ ಯಾವ ದೇಶದವರು ಎಂದು ವಿಚಾರಿಸುತ್ತಾರೆ. ಆದ್ದರಿಂದ ವೀಕ್ಷಕರು ಬೇಕಾಗಿದ್ದಾರೆಂದು ಪತ್ರಿಕೆಯಲ್ಲಿ ಹಾಕಿಸಿದ ನಮ್ಮ ಪ್ರಕಟಣೆಗೆ ಬೀದರ ಜಿಲ್ಲೆಯಿಂದ ನಿಮ್ಮ ಉತ್ತರ ಬಂದಾಗ ನನಗಾದ ಸಂತೋಷವನ್ನು ನೀವೇ ಅಂದಾಜು ಮಾಡಿ.

ಕೆಲಸ ಇಷ್ಟು. ಮೋಡಗಳ ಚಿತ್ರ ತೆಗೆಯಲೆಂದು ಹಾರಿಸಿದ ಒಂದು ಹವಾಮಾನ ಉಪಗ್ರಹ ಕೆಲವೇ ತಿಂಗಳಲ್ಲಿ ಸತ್ತುಹೋಯಿತು. ಸತ್ತರೂ ಭೂಮಿಯನ್ನು ಸುತ್ತುವುದು ಬಿಟ್ಟಿಲ್ಲ. ಅದರಿಂದ ಕಳಚಿದ ತಗಡಿನ ಹೊದಿಕೆಯೊಂದು ಬೇರೆಯಾಗಿ ಸುತ್ತುತ್ತಿದೆ. ನಾವು ಅದನ್ನು ಮುಚ್ಚಳ ಎನ್ನುತ್ತೇವೆ. ಅದು ಯಾವ ದಿನ, ಯಾವ ವೇಳೆಗೆ, ಯಾವ ನಕ್ಷತ್ರದ ಪಕ್ಕದಲ್ಲಿ ಹಾದುಹೋಯಿತೆಂದು ನೀವು ಬರೆದು ಕಳಿಸಿದರೆ ಎಷ್ಟು ಕೆಳಗಿಳಿದಿದೆ, ಯಾವಾಗ ಬೀಳುತ್ತದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಯಾವ ವೇಳೆಗೆ ಬರುತ್ತದೆಂದು ನಾನು ಮೊದಲೇ ತಿಳಿಸುವಂತಿಲ್ಲ. ತಿಳಿಸಿದರೆ ಕಾಣದವರಿಗೂ ಕಂಡುಬಿಡುತ್ತದೆ ಎಂಬುದು ನಮ್ಮ ಮುಖ್ಯಸ್ಥರ ಅಭಿಪ್ರಾಯ.

ಇನ್ನೊಂದು ಮಾತು. ದುರ್ಬೀನು ಸದ್ಯಕ್ಕೆ ಪರೀಕ್ಷೆಗಾಗಿ ಮಾತ್ರ. ನಿಮ್ಮ ವರದಿಗಳು ಸರಿಯಾಗಿದ್ದರೆ ಅದು ಎಕಂಬಾದಲ್ಲೇ ಉಳಿಯುತ್ತದೆ, ಇಲ್ಲವಾದರೆ ವಾಪಸು ಕಳಿಸಬೇಕು. ನಿಮ್ಮ ವಿಳಾಸದಲ್ಲಿ ಶಿವರಾಜಪ್ಪನವರ ಹೆಸರಿದೆ. ಆ ಮನೆತನ ನಮ್ಮ ಕಡೆಯವರಿಗೆಲ್ಲ ಗೊತ್ತು. ನೀವೂ ಆ ಮನೆಯವರೇ ಎಂದು ತಿಳಿದು ಧೈರ್ಯವಾಗಿದ್ದೇನೆ.

ನಿಮ್ಮ,
ಹಾವಗೆಪ್ಪ


ಎಕಂಬಾ
10 ಅಕ್ಟೋಬರ್ 1961

ಹಾವಗೆಪ್ಪನವರಿಗೆ ನಮಸ್ಕಾರ.

ಪೆಟ್ಟಿಗೆ ಒಡೆಯದೆ ಬಂತು. ಔರಾದದವರೆಗೆ ನನ್ನ ತೊಡೆಯ ಮೇಲೆ, ಅಲ್ಲಿಂದ ನಮ್ಮೂರ ಮಡೆಪ್ಪನ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ. ನಿಮ್ಮ ಉಪಕಾರ ದೊಡ್ಡದು. ಹೀಗೆ ಬರೆಯುವುದು ರೂಢಿ ಎಂದು ಬರೆಯುತ್ತಿಲ್ಲ, ನಿಜವಾಗಿಯೂ ದೊಡ್ಡದು.

ನಾನು ಇಲ್ಲಿನ ಹುಡುಗಿಯರ ಸಾಲಿಯ ಶಿಕ್ಷಕಿ. ಓದಿದ್ದು ಮರಾಠಿಯಲ್ಲಿ. ರಾಜ್ಯ ಸೇರಿದ ಮೇಲೆ ಕನ್ನಡ ಕಲಿತು ಕನ್ನಡವನ್ನೇ ಕಲಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನೋಡಲು ಎತ್ತರದ ಜಾಗ ಬೇಕು, ಗಡಿಯಾರ ಸರಿಪಡಿಸಲು ರೇಡಿಯೋ ಬೇಕು. ಎರಡೂ ಊರಿನಲ್ಲಿರುವುದು ಶಿವರಾಜಪ್ಪನವರ ಮನೆಯಲ್ಲಿ ಮಾತ್ರ. ಟಪಾಲು ಬರುವುದೂ ಅವರ ಪಡಸಾಲೆಗೇ. ಹೋಗಿ ಕೇಳಿದೆ. “ಇದ್ರಾಗ ಸರಕಾರಕ್ಕ ಏನ್ ಸಿಗ್ತದ್ರಿ ಬಾಯಿ?” ಎಂದರು. ನಿಮ್ಮ ಪತ್ರದ ಮುದ್ರೆ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, “ಶಿಕ್ಕಾ ಅದ ಅಂದ್ರ ಹತ್ರಿ. ಹಿತ್ತಲದಾಗ ಏಣಿ ಹಚ್ಚಸ್ತೇನಿ” ಎಂದರು. ಅವರ ತಾಯಿ ರುಕ್ಮಿಣಿಬಾಯಿ ಒಳಗಿನಿಂದಲೇ, “ಸತ್ತದ್ರ ಬೆನ್ನ ಯಾಕ ಹತ್ತೀರಿ? ಇದ್ದೋರ್ನ ನೋಡ್ರಿ” ಎಂದರು.

ಕೆಲವು ದಿನ ಬರೀ ಕತ್ತು ನೋಯಿತು. ಆಮೇಲೆ ಒಂದು ಸಂಜೆ ಸಾಸಿವೆ ಕಾಳಿನಷ್ಟು ಬೆಳಕು ಕುಣಿಯುತ್ತ, ಮಿನುಗುತ್ತ ಹಾದುಹೋಯಿತು. ನನಗೆ ಅಳು ಬಂತು. ಯಾಕೆಂದು ಕೇಳಬೇಡಿ. ವೇಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ.

ದುರ್ಬೀನು ಬಂದ ಮೇಲೆ ಬಿತ್ತನೆಯ ದಿನಗಳಲ್ಲೂ ಹುಡುಗಿಯರು ಸಾಲಿ ತಪ್ಪಿಸಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಂಜೆ ಚಂದ್ರನನ್ನು ತೋರಿಸುವ ಮಾತು ಕೊಟ್ಟಿದ್ದೇನೆ. ಆದ್ದರಿಂದ ಅದನ್ನು ವಾಪಸು ಕೇಳಬೇಡಿ.

ಶೇವಂತಾಬಾಯಿ


ಬೆಂಗಳೂರು
2 ನವೆಂಬರ್ 1961

ಶೇವಂತಾಬಾಯಿಯವರಿಗೆ ಶರಣು ಶರಣಾರ್ಥಿಗಳು.

ನಿಮ್ಮ ಸಂಜೆಯ ವೇಳೆಗಳು ನನ್ನ ಲೆಕ್ಕಕ್ಕೆ ಹೆಜ್ಜೆಗೆ ಹೆಜ್ಜೆ ಕೂಡಿದವು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮಟ್ಟಿಗೆ ಅದು ಶಹಬ್ಬಾಸ್‌ಗಿರಿ.

ನಿನ್ನೆ ರಾಜ್ಯ ಸೇರಿ ಐದು ವರ್ಷವಾಯಿತೆಂದು ಕಚೇರಿಯಲ್ಲಿ ಸಭೆಯಿತ್ತು. ನಾನೂ ನಾಲ್ಕು ಮಾತಾಡಿದೆ. “ಮನಿ” ಎಂದಾಗ ಒಂದು ಕಡೆ ನಗು, “ಸಾಲಿ” ಎಂದಾಗ ಇನ್ನೊಂದು ಕಡೆ. ರೂಮಿಗೆ ಬಂದು ನಿಮ್ಮ ಪತ್ರ ಮತ್ತೆ ಓದಿದೆ. ನೀವೂ “ಸಾಲಿ” ಎಂದೇ ಬರೆದಿದ್ದೀರಿ. ಅದಕ್ಕಾಗಿ ನಿಮಗೆ ಬೇರೆಯಾಗಿ ಒಂದು ಧನ್ಯವಾದ.

ಒಂದು ಕುತೂಹಲ. ಅಂಥ ದೊಡ್ಡ ಮನೆಯಲ್ಲಿ ಮಾಳಿಗೆಗೆ ಒಳಗಿನಿಂದ ಮೆಟ್ಟಿಲು ಇಲ್ಲವೆ? ದುರ್ಬೀನು ಹೊತ್ತು ಹಿತ್ತಲಿನ ಏಣಿ ಹತ್ತುವ ಶಿಕ್ಷಕಿಯನ್ನು ನಾನು ಇದೇ ಮೊದಲು ಕೇಳಿದ್ದು. ಮಾವಿನಕಾಯಿ ಕದಿಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲವೇನೋ. ರುಕ್ಮಿಣಿಬಾಯಿ ನಿಮಗೆ ಅತ್ತೆಯೋ, ದೊಡ್ಡಮ್ಮನೋ? ಯಾರೇ ಆಗಲಿ, ನನ್ನ ಶರಣು ತಿಳಿಸಿ.

ಇನ್ನು ಕೆಲವು ವಾರ ಮುಚ್ಚಳ ಸಂಜೆ ಬಿಟ್ಟು ನಸುಕಿನಲ್ಲಿ ಕಾಣುತ್ತದೆ. ಚಳಿ ಇರುತ್ತದೆ, ಕಿವಿ ಮುಚ್ಚಿಕೊಳ್ಳಿ.

ಹಾವಗೆಪ್ಪ


ಎಕಂಬಾ
26 ನವೆಂಬರ್ 1961

ಹಾವಗೆಪ್ಪನವರಿಗೆ ನಮಸ್ಕಾರ.

ನಸುಕಿನಲ್ಲಿ ಮುಚ್ಚಳ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ದಿನವೂ ತಪ್ಪಿಸಿಲ್ಲ. ವೇಳೆಗಳನ್ನು ಇಟ್ಟಿದ್ದೇನೆ.

ಏಣಿಯೇ ಹತ್ತಿರ. ಮನೆಯವರ ನಿದ್ದೆ ಕೆಡಿಸಬೇಕಾಗುವುದಿಲ್ಲ.

ರುಕ್ಮಿಣಿಬಾಯಿಯವರಿಗೆ ನಿಮ್ಮ ಶರಣು ಹೇಳಿದೆ. “ಹಲಬರ್ಗಾದಾಂವ ಅಂದ್ರ ನಮ್ಮಾಂವನೇ ಆದ. ಒಂದ್ಸಲ ಊಟಕ್ಕ ಬಾ ಅಂತ ಬರಿ” ಎಂದರು. ಬರೆದಿದ್ದೇನೆ.

ಶೇವಂತಾಬಾಯಿ


ಬೆಂಗಳೂರು
20 ಡಿಸೆಂಬರ್ 1961

ಶೇವಂತಾಬಾಯಿಯವರಿಗೆ ಶರಣು ಶರಣಾರ್ಥಿಗಳು.

ಕುಳಿತುಕೊಂಡು ಓದಿ. ಮುಚ್ಚಳ ಎರಡಾಗಿದೆ.

ನಿಮ್ಮ ಸಂಜೆಯ ವೇಳೆಗಳೆಲ್ಲ ಒಂದು ದಾರಿಯಲ್ಲಿ ಕೂಡುತ್ತವೆ. ನಸುಕಿನ ವೇಳೆಗಳು ಆ ದಾರಿಗೆ ಏನು ಮಾಡಿದರೂ ಕೂಡುವುದಿಲ್ಲ, ಆದರೆ ತಮ್ಮತಮ್ಮಲ್ಲೇ ಅಚ್ಚುಕಟ್ಟಾಗಿ ಕೂಡುತ್ತವೆ. ಅಂದರೆ ನೀವು ಸಂಜೆ ನೋಡಿದ್ದು ಒಂದು ತುಂಡು, ನಸುಕಿನಲ್ಲಿ ನೋಡುತ್ತಿರುವುದು ಇನ್ನೊಂದು. ಮೇಲೆ ಅದು ಮುರಿದಿದೆ, ಅದನ್ನು ಎಕಂಬಾ ಕಂಡುಹಿಡಿದಿದೆ. ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ, ನಿಮ್ಮ ಹೆಸರು ಮೊದಲು, ನನ್ನದು ಆಮೇಲೆ. ಅವರು ಹೊರದೇಶದ ಕೇಂದ್ರಗಳಿಗೂ ತಿಳಿಸಿದ್ದಾರೆ.

ಐದು ವರ್ಷದಲ್ಲಿ ಇವತ್ತೇ ಮೊದಲು ಈ ಕಚೇರಿಯಲ್ಲಿ ಒಬ್ಬರು ನನ್ನನ್ನು ಚಹಾಕ್ಕೆ ಕರೆದರು. ಆ ಚಹಾದ ಋಣ ನಿಮ್ಮದು.

ಹಾವಗೆಪ್ಪ


ಎಕಂಬಾ
4 ಜನವರಿ 1962

ಹಾವಗೆಪ್ಪನವರಿಗೆ ನಮಸ್ಕಾರ.

ಟಪಾಲು ಪಡಸಾಲೆಯಲ್ಲೇ ಓದಿದ್ದರಿಂದ ಊರಿಗೆಲ್ಲ ಗೊತ್ತಾಯಿತು. ಶಿವರಾಜಪ್ಪ ಬಂದವರಿಗೆಲ್ಲ, “ಎರಡನೇದು ಸಿಕ್ಕಿದ್ದು ನಮ್ಮ ಮಾಳಿಗಿ ಮ್ಯಾಲಿಂದ” ಎಂದು ಹೇಳುತ್ತಿದ್ದಾರೆ. ನನ್ನ ಹೆಸರು ಹೇಳಲು ಅವರಿಗೆ ಪುರುಸೊತ್ತಾಗಿಲ್ಲ.

ನನಗೆ ಸಂತೋಷವಾಗಿದೆ. ಆದರೂ ಒಂದು ಮಾತು ಹೇಳಬೇಕು. ಸಂಜೆಯದೂ ನಸುಕಿನದೂ ಕುಣಿಯುವ ರೀತಿ ಒಂದೇ ಆಗಿತ್ತು. ಇವು ಎರಡು ಎಂದು ನನ್ನ ಕಣ್ಣಿಗೆ ಅನ್ನಿಸಿರಲಿಲ್ಲ. ಲೆಕ್ಕ ಬಲ್ಲವರು ನೀವು.

ಶೇವಂತಾಬಾಯಿ


ಬೆಂಗಳೂರು
29 ಜನವರಿ 1962

ಮಾನ್ಯ ಶಿಕ್ಷಕಿಯವರಿಗೆ.

ಎರಡನೆಯ ತುಂಡನ್ನು ಬೇರೆ ಯಾವ ಕೇಂದ್ರವೂ ಕಂಡಿಲ್ಲ. ಎಲ್ಲರೂ ಒಂದೇ ತುಂಡು ಎನ್ನುತ್ತಾರೆ. ಎಕಂಬಾದ ವೀಕ್ಷಕರು ಕಾಣದ್ದನ್ನು ಕಂಡೆವೆಂದು ಬರೆದಿದ್ದಾರೆ ಎಂದು ಮುಖ್ಯಸ್ಥರು ಕಡತದಲ್ಲಿ ಷರಾ ಹಾಕಿದ್ದಾರೆ. ಮಾರ್ಚ್ ಕೊನೆಯೊಳಗೆ ದುರ್ಬೀನನ್ನು ವಾಪಸು ಕಳಿಸಬೇಕೆಂದು ಆದೇಶವಾಗಿದೆ.

ನೀವು ಹೇಗೆ ನೋಡುತ್ತೀರಿ, ಹೇಗೆ ಬರೆಯುತ್ತೀರಿ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ತಿಳಿಸಬೇಕು. ಚಳಿಗೆ ಏಳಲಾಗದೆ ಅಂದಾಜಿನ ಮೇಲೆ ಬರೆದದ್ದು ಇದ್ದರೆ ಅದನ್ನೂ ಹೇಳಿಬಿಡಿ.

ಹಾವಗೆಪ್ಪ


ಎಕಂಬಾ
6 ಫೆಬ್ರವರಿ 1962

ಹಾವಗೆಪ್ಪನವರಿಗೆ.

ಅಂದಾಜಿನ ಮೇಲೆ ಬರೆದದ್ದು ಒಂದೂ ಇಲ್ಲ. ನೀವು ಈ ಮಾತು ಕೇಳಬಾರದಿತ್ತು.

ಒಂದೂ ಬಿಡದೆ ಹೇಳು ಎಂದಿದ್ದೀರಿ. ಹೇಳುತ್ತೇನೆ. ಶಿವರಾಜಪ್ಪನವರ ಮನೆ ನನ್ನ ಮನೆಯಲ್ಲ. ನಾನು ಅವರ ಸೊಸೆಯೂ ಅಲ್ಲ, ಮಗಳೂ ಅಲ್ಲ. ನಮ್ಮ ಮನೆ ಊರ ಹೊರಗಿನ ಕೇರಿಯಲ್ಲಿದೆ. ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷವೇ ನಮ್ಮ ಕೇರಿ ಬೌದ್ಧ ಧರ್ಮಕ್ಕೆ ಸೇರಿತು. ಅವರ ಮನೆಯೊಳಗೆ ಮೆಟ್ಟಿಲುಗಳಿವೆ, ಕಲ್ಲಿನವು. ನಾನು ಪಡಸಾಲೆ ದಾಟಿ ಅವನ್ನು ಹತ್ತುವಂತಿಲ್ಲ. ಅದಕ್ಕೇ ಏಣಿ. ದುರ್ಬೀನು ಹೋದರೆ ಏಣಿಯೂ ಹೋಗುತ್ತದೆ. ನಮ್ಮ ಕೇರಿಯ ಹುಡುಗಿಯರೂ ಊರ ಹುಡುಗಿಯರೂ ಒಂದೇ ಕೊಳವೆಗೆ ಕಣ್ಣಿಡುವುದು ನಿಲ್ಲುತ್ತದೆ. ನಿಮಗೆ ಹೋಗುವುದು ಒಂದು ತುಂಡು ತಗಡು, ನನಗೆ ಹೋಗುವುದು ಇದು.

ಇನ್ನು ನೋಡುವ ರೀತಿ. ನನ್ನ ಅವ್ವ ಕೇಶರಬಾಯಿ ಸೂಲಗಿತ್ತಿ. ಶಿವರಾಜಪ್ಪನವರೂ ಅವಳ ಕೈಯಲ್ಲೇ ಹುಟ್ಟಿದವರು. ಕೂಸು ಯಾವ ವಾರ, ಯಾವ ವೇಳೆಗೆ ಹುಟ್ಟಿತೆಂದು ಅವಳು ಹೇಳಿದ್ದನ್ನು ಈ ಸುತ್ತಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ವೇಳೆ ಹಿಡಿಯುವುದನ್ನು ನಾನು ಅವಳಿಂದ ಕಲಿತೆ. ರಾತ್ರಿ ರೇಡಿಯೋಕ್ಕೆ ಗಡಿಯಾರ ಕೂಡಿಸುತ್ತೇನೆ. ಮುಚ್ಚಳ ಗುರುತಿನ ನಕ್ಷತ್ರದ ಪಕ್ಕಕ್ಕೆ ಬಂದಾಗ ವೇಳೆ ನೋಡುತ್ತೇನೆ. ಅಲ್ಲೇ ಬರೆಯುತ್ತೇನೆ, ಕೆಳಗಿಳಿದ ಮೇಲೆ ಅಲ್ಲ. ದಿನ ಬರೆಯುವಾಗಲೂ ಎಚ್ಚರ ತಪ್ಪಿಲ್ಲ. ನಸುಕಿನಲ್ಲಿ ನೋಡಿದ್ದಾದರೆ, ಸೂರ್ಯ ಹುಟ್ಟುವವರೆಗೆ ಹಿಂದಿನ ದಿನವೇ ನಡೆದಿರುತ್ತದಾದ್ದರಿಂದ, ಹಿಂದಿನ ದಿನವನ್ನೇ ಹಾಕಿದ್ದೇನೆ. ಕೂಸುಗಳ ಹುಟ್ಟಿಗೆ ಅವ್ವ ಹಾಗೆಯೇ ಎಣಿಸುತ್ತಾಳೆ. ಸಾಲಿಯ ಹಾಜರಿಯಲ್ಲಿ ಬೇರೆ ರೀತಿ ಎಂದು ನನಗೂ ಗೊತ್ತು, ಆದರೆ ಇದು ಆಕಾಶದ ಕೆಲಸ.

ಇದರಲ್ಲಿ ಸುಳ್ಳು ಎಲ್ಲಿದೆ, ನೀವೇ ತೋರಿಸಿ.

ಜೈಭೀಮ.
ಶೇವಂತಾಬಾಯಿ


ಎಕಂಬಾ
11 ಮಾರ್ಚ್ 1962

ಹಾವಗೆಪ್ಪನವರಿಗೆ.

ಒಂದು ತಿಂಗಳ ಮೇಲಾಯಿತು, ನಿಮ್ಮ ಉತ್ತರವಿಲ್ಲ. ನಿಮ್ಮ ಮೌನ ನನಗೆ ಅರ್ಥವಾಗಿದೆ. ನನ್ನ ಪತ್ರ ಓದಿದ ಮೇಲೆ ಕೈ ತೊಳೆದಿರೋ ಏನೋ. ಅಂಥವರನ್ನು ನಾನು ಕಂಡಿಲ್ಲವೆಂದಲ್ಲ, ನಿಮ್ಮನ್ನು ಅಂಥವರಲ್ಲಿ ಸೇರಿಸಿರಲಿಲ್ಲ.

ಆದೇಶದ ಸುದ್ದಿ ಶಿವರಾಜಪ್ಪನವರಿಗೆ ತಿಳಿಯಿತು. “ಕಾಗದಾನೇ ರದ್ದಾದ ಮ್ಯಾಲ ಏಣಿ ಯಾಕ್ರಿ ಬಾಯಿ?” ಎಂದು ಆಳಿನ ಕೈಲಿ ತೆಗೆಸಿದರು. ದುರ್ಬೀನನ್ನು ಅದೇ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಬರುವ ವಾರ ಬೀದರಕ್ಕೆ ಹೋಗಿ ರೈಲಿಗೆ ಹಾಕುತ್ತೇನೆ.

ಆದರೂ ಉಪಕಾರ ಉಪಕಾರವೇ. ಐದು ತಿಂಗಳು ನಾನು ಊರನ್ನು ಮೇಲಿನಿಂದ ನೋಡಿದೆ. ಅದು ನಿಮ್ಮಿಂದ.

ಶೇವಂತಾಬಾಯಿ


ಬೆಂಗಳೂರು
13 ಮಾರ್ಚ್ 1962

ಶೇವಂತಾಬಾಯಿಯವರಿಗೆ ಜೈಭೀಮ, ಮತ್ತು ನಮ್ಮ ಮನೆಯ ರೂಢಿಯಂತೆ ಶರಣು.

ದುರ್ಬೀನು ಕಳಿಸಬೇಡಿ. ಕಟ್ಟಿದ್ದರೆ ಬಿಚ್ಚಿ.

ನಿಮ್ಮ ಪತ್ರ ಬಂದ ದಿನದಿಂದ ಊಟ, ನಿದ್ದೆ ಬಿಟ್ಟು ಲೆಕ್ಕ ಹಾಕುತ್ತಿದ್ದೇನೆ. ಇಲ್ಲಿ ರಾತ್ರಿ ಹನ್ನೆರಡಕ್ಕೆ ದಿನ ತಿರುಗುತ್ತದೆ. ನಿಮ್ಮ ನಸುಕಿನ ವೇಳೆಗಳನ್ನೆಲ್ಲ ಒಂದು ದಿನ ಮುಂದಕ್ಕೆ ತಂದೆ. ಎರಡನೆಯ ತುಂಡು ಮಾಯವಾಯಿತು. ಸಂಜೆಯದೂ ನಸುಕಿನದೂ ಒಂದೇ ದಾರಿಗೆ ಬಂದು ನಿಂತವು. ಕುಣಿಯುವ ರೀತಿ ಒಂದೇ ಎಂದು ನೀವು ಬರೆದಾಗಲೇ ನಾನು ಕಿವಿಗೊಡಬೇಕಿತ್ತು. ಎರಡು ತುಂಡು ಮಾಡಿದವನು ನಾನು, ನೀವಲ್ಲ. ನನ್ನ ಅವ್ವ ಕೂಡ ಹಾಗೇ ಎಣಿಸುತ್ತಿದ್ದಳು. ನನಗೂ ತಂಗಿ ವಿಮಲಾಬಾಯಿಗೂ ಹುಟ್ಟಿದ ವಾರ ಬಂದದ್ದು ಅದೇ ಎಣಿಕೆಯಿಂದ. ಕಚೇರಿಗಳಲ್ಲಿ ಕುಳಿತು ನಾನು ಮರೆತೆ, ದಿನ ಹೇಗೆ ಬರೆಯಬೇಕೆಂದು ನಿಮಗೆ ಹೇಳುವುದನ್ನೂ ಮರೆತೆ.

ತಪ್ಪು ನನ್ನದೆಂದು ಮುಖ್ಯಸ್ಥರಿಗೆ ಬರೆದುಕೊಟ್ಟೆ. ಹೊರದೇಶಕ್ಕೆ ತಿಳಿಸಿದ್ದನ್ನು ಹಿಂತೆಗೆದುಕೊಳ್ಳಬೇಕಾದ್ದರಿಂದ ಅವರಿಗೆ ಸಿಟ್ಟು ಬಂತು. ವಾರಗಟ್ಟಲೆ ನನ್ನ ಕಾಗದ ಮುಟ್ಟಲಿಲ್ಲ. ಏನಾದರೂ ಒಳ್ಳೆಯದು ಹೇಳುವವರೆಗೆ ನಿಮಗೆ ಬರೆಯಬಾರದೆಂದು ಕುಳಿತೆ. ಅದು ಸರಿಯಾಗಲಿಲ್ಲವೇನೋ.

ನಿನ್ನೆ ಅವರು ಕರೆದು, “ಹಾಗಾದರೆ ಈ ವೇಳೆಗಳ ಮೇಲೆ ಲೆಕ್ಕ ಹಾಕಿ ಹೇಳಿ, ಮುಚ್ಚಳ ಯಾವಾಗ ಬೀಳುತ್ತದೆ?” ಎಂದರು. ಹೇಳಿದೆ. ಈ ತಿಂಗಳ 26ರೊಳಗೆ ಅದು ಇಳಿದು ಸುಟ್ಟುಹೋಗುತ್ತದೆ. ಉಳಿದಿದ್ದರೆ 28ರ ಬುಧವಾರ ನಸುಕಿನಲ್ಲಿ, ಬೆಳಗಾಗುವ ಮೊದಲು, ಎಕಂಬಾದ ನೆತ್ತಿಯ ಮೇಲೆ ಹಾಯಬೇಕು. ಆ ದಿನ ನೀವು ನೋಡಬೇಕು. ಏನೂ ಕಾಣದಿದ್ದರೆ ನಿಮ್ಮ ವೇಳೆಗಳು ನಿಜ, ದುರ್ಬೀನು ನಿಮ್ಮದು. ಕಂಡರೆ ನಾವಿಬ್ಬರೂ ಸೋತೆವು. ಕಂಡರೆ ಕಂಡೆನೆಂದೇ ಬರೆಯಿರಿ. ಇನ್ನೊಂದು ಕೇಂದ್ರದವರೂ ನೋಡುತ್ತಿರುತ್ತಾರೆ. ಅವರು ನೋಡದಿದ್ದರೂ ನೀವು ಸುಳ್ಳು ಬರೆಯುವವರಲ್ಲ ಎಂದು ಬಲ್ಲೆ.

ಇನ್ನೊಂದು ಮಾತು. ರುಕ್ಮಿಣಿಬಾಯಿಗೆ ಶರಣು ಹೇಳಿ ಎಂದು ಬರೆದವನು ನಿಮ್ಮ ತಾಯಿ ಇದ್ದಾರೆಯೇ ಎಂದು ಕೇಳಲಿಲ್ಲ. ಬಸವಣ್ಣನವರ ಹೆಸರು ಹೇಳಿ ಬೆಳಗು ಮಾಡುವ ಮನೆಯಲ್ಲಿ ಬೆಳೆದವನು ನಾನು. ಏಣಿಯ ಮಾತಿಗೆ ತಮಾಷೆ ಮಾಡಿದ್ದು ನೆನೆದರೆ ಮುಖ ಬಿಸಿಯಾಗುತ್ತದೆ. ಕೇಶರಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಗಳಿಗೆ ಅವರು ಕಲಿಸಿದ ವೇಳೆಗಳ ಮೇಲೆ ನಾನು ನಿಂತಿದ್ದೇನೆ.

ಹಾವಗೆಪ್ಪ


ಎಕಂಬಾ
28 ಮಾರ್ಚ್ 1962
(ಕಾರ್ಡು)

ಬುಧವಾರ ನಸುಕು. ಆಕಾಶ ಸ್ವಚ್ಛ. ಬೆಳಕು ಹರಿಯುವವರೆಗೆ ನೋಡಿದೆವು. ಏನೂ ಕಾಣಲಿಲ್ಲ.

ಶೇವಂತಾಬಾಯಿ


ಬೆಂಗಳೂರು
5 ಏಪ್ರಿಲ್ 1962

ಶೇವಂತಾಬಾಯಿಯವರಿಗೆ ಜೈಭೀಮ, ಶರಣು.

ಕಾರ್ಡು ಬಂತು. ಇನ್ನೊಂದು ಕೇಂದ್ರದವರೂ ಏನೂ ಕಂಡಿಲ್ಲ. ಮುಖ್ಯಸ್ಥರು ಹಳೆಯ ಷರಾ ಹೊಡೆದುಹಾಕಿ, ದುರ್ಬೀನು ಎಕಂಬಾದ ಶಿಕ್ಷಕಿ ಶೇವಂತಾಬಾಯಿಯವರ ಹೆಸರಿನಲ್ಲಿ ಅಲ್ಲೇ ಇರತಕ್ಕದ್ದು ಎಂದು ಬರೆದು ಸಹಿ ಮಾಡಿದರು. ಪ್ರತಿ ಇದರ ಜೊತೆಗಿದೆ. ಸತ್ತ ಉಪಗ್ರಹ ಇನ್ನೂ ಮೇಲೆಯೇ ಇದೆ, ಅದರ ಬೇರೆ ಚೂರುಗಳೂ ಇವೆ. ನಿಮಗೆ ಕೆಲಸಕ್ಕೆ ಕೊರತೆಯಿಲ್ಲ.

ನಿಮ್ಮ ಮಾರ್ಚ್ 11ರ ಪತ್ರವೂ ತಡವಾಗಿ ಬಂತು. ಆ ಪತ್ರ ಬರೆಯುವಂತೆ ಮಾಡಿದ್ದು ನನ್ನ ಮೌನ. ಕ್ಷಮಿಸಿ. ಈ ಊರಿನಲ್ಲಿ ನನ್ನನ್ನು ನಂಬಿ ಕೆಲಸ ಮಾಡಿದವರು ನೀವೊಬ್ಬರೇ, ನೀವು ಈ ಊರಿನವರೂ ಅಲ್ಲ.

ಒಂದು ಪ್ರಶ್ನೆ. ಏಣಿ ತೆಗೆಸಿದ್ದರು ಎಂದಿದ್ದಿರಿ. ಕಾರ್ಡಿನಲ್ಲಿ “ನೋಡಿದೆವು” ಎಂದಿದೆ. ಎಲ್ಲಿಂದ ನೋಡಿದಿರಿ? ಯಾರ್ಯಾರು?

ಹಾವಗೆಪ್ಪ


ಎಕಂಬಾ
14 ಏಪ್ರಿಲ್ 1962

ಹಾವಗೆಪ್ಪನವರಿಗೆ ಜೈಭೀಮ, ಶರಣು.

ಇವತ್ತು ನಮ್ಮ ಕೇರಿಯಲ್ಲಿ ಜಯಂತಿ. ಮೆರವಣಿಗೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಿಮ್ಮ ಕ್ಷಮೆ ಬೇಡ. ಕೈ ತೊಳೆದಿರೆಂದು ಬರೆದವಳು ನಾನು, ಅದನ್ನು ಹರಿದುಹಾಕಿಬಿಡಿ.

ನಿಮ್ಮ ಪತ್ರವನ್ನು ಪಡಸಾಲೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಶಿವರಾಜಪ್ಪನವರು ಬಹಳ ಹೊತ್ತು ಮೀಸೆ ಸವರಿಕೊಂಡರು. ಕೊನೆಗೆ, “ಈ ಸಲ ಒಳಗಿಂದೇ ಬರ್ರಿ ಬಾಯಿ. ಮೆಟ್ಲಾ ಅವ” ಎಂದರು. ಒಂದು ತಿಂಗಳ ಹಿಂದೆ ಹೀಗೆಂದಿದ್ದರೆ ಓಡಿ ಹತ್ತುತ್ತಿದ್ದೆ. ಅವತ್ತು ನನ್ನ ಬಾಯಿಂದ ಬೇರೆಯೇ ಮಾತು ಬಂತು. “ನೆತ್ತಿ ಮ್ಯಾಲ ಬರೋದಕ್ಕ ಮಾಳಿಗಿ ಯಾಕ್ರಿ? ನಮ್ಮ ಅಂಗಳದಾಗ ನೋಡ್ತೇವ್ರಿ. ರೇಡಿಯೋ ಅಷ್ಟು ತರ್ರಿ” ಎಂದೆ. ಅವರು ಟೋಪಿ ಹಾಕಿಕೊಂಡು ಹೊಲದ ಕಡೆ ಹೊರಟರು.

ಮಂಗಳವಾರ ಕತ್ತಲಾದ ಮೇಲೆ ರೇಡಿಯೋ ಬಂತು, ಆಳಿನ ತಲೆಯ ಮೇಲಲ್ಲ, ಅವರ ಹೆಗಲ ಮೇಲೆ. ಗಡಿಯಾರ ಕೂಡಿಸಿಕೊಂಡೆವು. ನಸುಕಿಗೆ ಮತ್ತೆ ಬಂದರು. ಹಿಂದೆ ರುಕ್ಮಿಣಿಬಾಯಿ, ಕೋಲು ಊರಿಕೊಂಡು. ಸಾಲಿಯ ಹುಡುಗಿಯರು, ಅವರ ತಾಯಂದಿರು, ನಮ್ಮ ಕೇರಿಯ ಎಲ್ಲರೂ ಇದ್ದರು. ಅವ್ವ ಹಾಸಿದ ಕಂಬಳಿ ಸಾಲಲಿಲ್ಲ. ನಾನು ದುರ್ಬೀನಿಗೆ ಕಣ್ಣಿಟ್ಟೆ, ಉಳಿದವರು ಬರಿಗಣ್ಣಿನಲ್ಲಿ ಮೇಲೆ ನೋಡುತ್ತ ಕುಳಿತರು. ಆರು ತಿಂಗಳು ಅದು ಬರಲಿ, ಬರಲಿ ಎಂದು ಕಾದಿದ್ದೆ. ಅವತ್ತು ಬರಬಾರದೆಂದು ಕಾದೆ. ಎಲ್ಲಿ ಏನು ಮಿನುಗಿದರೂ ಜೀವ ಹಾರಿಹೋಗುತ್ತಿತ್ತು. ನೀವು ಹೇಳಿದ ವೇಳೆ ಬಂತು, ಹೋಯಿತು. ಇನ್ನೂ ಕಾದೆವು. ಬೆಳಕು ಹರಿದು ನಕ್ಷತ್ರಗಳೆಲ್ಲ ಮುಳುಗಿದ ಮೇಲೆ, “ಬರ್ಲಿಲ್ಲ” ಎಂದೆ. ಶಿವರಾಜಪ್ಪ ಟೋಪಿ ತೆಗೆದು ಮಗುವಿನಂತೆ ನಕ್ಕರು.

ಇದೆಲ್ಲ ಕಾರ್ಡಿನಲ್ಲಿ ಬರೆಯಬಹುದಿತ್ತು. ಇದರ ಮುಂದಿನದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಏಳಲು ಹೊರಟ ರುಕ್ಮಿಣಿಬಾಯಿ ಮತ್ತೆ ಕುಳಿತು, “ಕೇಶರಾ, ನೀರಡಿಕಿ ಆಗ್ಯದ” ಎಂದರು. ಅವ್ವ ನನ್ನ ಮುಖ ನೋಡಿದಳು. ಒಳಗೆ ಹೋಗಿ ತಂಬಿಗೆ ಬೆಳಗಿ, ನೀರು ತುಂಬಿ ತಂದಳು. ತಂದು, ರುಕ್ಮಿಣಿಬಾಯಿಯ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. ಆ ಮನೆಯಲ್ಲಿ ಎಷ್ಟೋ ಕೂಸುಗಳನ್ನು ಎತ್ತಿಕೊಟ್ಟ ಕೈ ಅದು. ನೀರು ಕೊಟ್ಟು ರೂಢಿಯಿಲ್ಲ.

ರುಕ್ಮಿಣಿಬಾಯಿ ತಂಬಿಗೆಯನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. “ನೆಲದಾಗ ಯಾಕ ಇಟ್ಟಿ?” ಎಂದರು. “ಕೈಯಾಗ ಕೊಡು.”

ಅವ್ವ ಕೊಟ್ಟಳು.

ಶೇವಂತಾಬಾಯಿ